ಹಾರನಹಳ್ಳಿಗೆ ಏಳು, ಷಡಕ್ಷರಿಗೆ ಆರು

ಶಂಕರಘಟ್ಟದಲ್ಲಿ ಬಸ್ಸಿಳಿದು ಲೈಬ್ರರಿ ಬಾಗಿಲು ತೆಗೆದರೆ
ಮೇಜಿನ ಮೇಲೆ ಸುತ್ತೋಲೆ:
ಬಡ್ತಿಗೆ ಅರ್ಜಿ ಹಾಕಿದವರ ಉಲ್ಲೇಖಗಳನ್ನು ಎಣಿಸಿ,
ಎಚ್-ಸೂಚ್ಯಂಕ ಬರೆದು, ಸಹಿ ಹಾಕಿ, ಶುಕ್ರವಾರದೊಳಗೆ.
ಹತ್ತಕ್ಕೆ ಕಡಿಮೆಯಾದರೆ ಕಡತ ವಾಪಸು.

ಎಣಿಸುವುದೇನು ಕಷ್ಟವಲ್ಲ. ಶಾಲೆಯ ಪ್ರಾರ್ಥನೆಯ ಸಾಲು ನೆನಪಿದೆಯಲ್ಲ,
ಇಲ್ಲಿ ಉದ್ದದವರು ಮುಂದೆ, ಗಿಡ್ಡದವರು ಹಿಂದೆ.
ಒಬ್ಬೊಬ್ಬರ ಕೈಯಲ್ಲೂ ಒಂದು ಸ್ಲೇಟು. ಸ್ಲೇಟಿನ ಮೇಲೆ
ಆ ಲೇಖನವನ್ನು ಲೋಕ ಎಷ್ಟು ಸಲ ನೆನೆಯಿತೆಂಬ ಲೆಕ್ಕ.
ಒಂದು, ಎರಡು, ಮೂರು ಎನ್ನುತ್ತ ಸಾಲಿನುದ್ದಕ್ಕೂ ನಡೆ.
ಬಾಯಲ್ಲಿರುವ ಅಂಕಿಗಿಂತ ಸ್ಲೇಟಿನ ಅಂಕಿ
ಎಲ್ಲಿ ಚಿಕ್ಕದಾಯಿತೋ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಾ.
ಅಷ್ಟೆ.
ಮೊದಲನೆಯವನ ಸ್ಲೇಟಿನಲ್ಲಿ ನೂರಹನ್ನೆರಡಿದ್ದರೂ
ಅವನೂ ಒಬ್ಬನೇ.

ದಾಕ್ಷಾಯಣಿ ಮೇಡಂ ಅವರದು ಕಲ್ಲುಹೂವಿನ ಕೆಲಸ.
ಹುಲಿಕಲ್ ಘಾಟಿಯ ಬಂಡೆಗಳಿಗೆ ಮೂಗು ತಾಗಿಸಿ ಇಪ್ಪತ್ತಾರು ವರ್ಷ.
ನಾವು ಪಲಾವಿಗೆ ಹಾಕುವುದನ್ನು ಭೂತಗನ್ನಡಿಯಲ್ಲಿ ತೋರಿಸಿ
ಇದು ಒಂದು ಜೀವ ಅಲ್ಲ ಕಣ್ರೀ, ಎರಡು, ಎನ್ನುವರು;
ಶಿಲೀಂಧ್ರವೊಂದು, ಪಾಚಿಯೊಂದು, ಹೆಸರು ಮಾತ್ರ ಒಂದೇ.
ಆ ನೂರಹನ್ನೆರಡರಲ್ಲಿ ಅರವತ್ತು
ಅವರು ಹೇಳಿದ್ದು ತಪ್ಪೆಂದು ತೋರಿಸಲು ಬರೆದದ್ದು.
ಅದರ ಬಗ್ಗೆಯೇ ಅವರಿಗೆ ಹೆಚ್ಚು ಹೆಮ್ಮೆ.

ಹೆಸರು ಕೊಟ್ಟು ಹುಡುಕಿದೆ. ಪರದೆಯ ಮೇಲೆ ಅವರಿಲ್ಲ.

ಮದುವೆಗೆ ಮುಂಚೆ ಎಚ್. ಬಿ. ದಾಕ್ಷಾಯಣಿ.
ಎಚ್ ಊರು, ಬಿ ಅಪ್ಪ ಬಸವಣ್ಯಪ್ಪ.
ಯಾವುದೋ ದೇಶದ ಯಂತ್ರ ಮನೆತನದ ಹೆಸರೆಲ್ಲಿ ಎಂದು ತಡಕಾಡಿ
ಊರನ್ನೇ ಹಿಡಿದುಕೊಂಡಿದೆ: ಹಾರನಹಳ್ಳಿ, ಬಿ. ಡಿ.
ಮದುವೆಯ ನಂತರದ್ದೆಲ್ಲ ಗಂಡನ ಖಾತೆಗೆ.
ಹೀಗೆ ಹಾರನಹಳ್ಳಿಗೆ ಏಳು, ಕೆರೆ, ಸಂತೆ, ಸೊಸೈಟಿ ಎಲ್ಲ ಸೇರಿ.
ಗಾಂಧಿ ಬಜಾರಿನ ಸಂದಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವ
ಷಡಕ್ಷರಿಯವರಿಗೆ ಆರು.
ಫೋನು ಮಾಡಿ ಹೇಳಿದೆ. ಬಹಳ ಹೊತ್ತು ನಕ್ಕರು.
ಆಮೇಲೆ, ಅದಕ್ಕೇನು ಪೆನ್ಷನ್ ಬರ್ತದೇನ್ರೀ, ಅಂದರು.

ಎರಡು ಖಾತೆ ಒಂದು ಮಾಡಲು ಮೂರು ದಿನ ಹಿಡಿಯಿತು.
ಏಳೂ ಆರೂ ಹದಿಮೂರು, ನಾನು ಕಲಿತ ಲೆಕ್ಕ.
ಇಲ್ಲಿ ಹಾಗಲ್ಲ. ಎರಡು ಸಾಲಿನ ಮಕ್ಕಳನ್ನೂ ಕೂಡಿಸಿ
ಉದ್ದ ಗಿಡ್ಡ ನೋಡಿ ನಿಲ್ಲಿಸಿ ಮತ್ತೆ ಮೊದಲಿನಿಂದ ನಡೆಯಬೇಕು.
ನಡೆದೆ. ಹತ್ತನೆಯ ಸ್ಲೇಟಿನಲ್ಲಿ ಸರಿಯಾಗಿ ಹತ್ತು.
ಕ್ಯಾಂಟೀನಿಗೆ ಹೋಗಿ ಮಂಡಕ್ಕಿ ತಿಂದು ಬಂದೆ.

ಬಂದು ಸುತ್ತೋಲೆಯ ಹಿಂಬದಿ ಓದಿದೆ:
ತನ್ನನ್ನು ತಾನೇ ಉಲ್ಲೇಖಿಸಿದ್ದನ್ನು ಕಳೆಯತಕ್ಕದ್ದು.
ಬೇರೆ ಬೇರೆ ಇದ್ದಾಗ
ಹಾರನಹಳ್ಳಿಯನ್ನು ಷಡಕ್ಷರಿ ಹದಿನಾಲ್ಕು ಸಲ ನೆನೆದಿದ್ದರು.
ವಿದ್ವಾಂಸರ ಸೌಜನ್ಯವೆಂದು ಯಂತ್ರ ಒಪ್ಪಿಕೊಂಡಿತ್ತು.
ಈಗ ಇಬ್ಬರೂ ಒಬ್ಬರೇ ಎಂದು ನಾನೇ ಕೂತು ರುಜುವಾತು ಮಾಡಿದ್ದೇನೆ.
ಹದಿನಾಲ್ಕೂ ಹೋದವು.
ಹತ್ತನೆಯ ಸ್ಲೇಟಿನಲ್ಲಿ ಒಂಬತ್ತು.

ಯಾವುದದು, ಆ ಹತ್ತನೆಯದು?
ತೀರ್ಥಹಳ್ಳಿ ರಸ್ತೆಯ ಮರಗಳಲ್ಲಿ, ಲಾರಿ ಹೆಚ್ಚಿದ ಮೇಲೆ,
ಕಲ್ಲುಹೂವು ತೊಗಟೆ ಬಿಟ್ಟು ಹೋದ ಕಥೆ.
ಇದನ್ನು ಇನ್ನೆಲ್ಲೋ ಓದಿದ್ದೇನೆ. ಇಂಗ್ಲಿಷಿನಲ್ಲಲ್ಲ.
ಮೇಲಿನ ಮಹಡಿ, ಕಿಟಕಿ ಪಕ್ಕದ ಬೀರು, ಗೆದ್ದಲಿಗೆ ಹೆದರಿ
ನಾನೇ ಬೇವಿನೆಲೆ ಇಟ್ಟ ಸಾಲು:
ರಿಪ್ಪನ್‌ಪೇಟೆಯ ಮೇಷ್ಟ್ರು ಟೀಕಪ್ಪನವರ ಎಂ.ಫಿಲ್. ಪ್ರಬಂಧ.
ಕಾರ್ಡು ನೋಡಿದರೆ ಯಾರೂ ಒಯ್ದಿಲ್ಲ.
ಪುಟ ಎಂಬತ್ತಮೂರು, ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ:
'ದಾಕ್ಷಾಯಣಿಯವರು ಹೀಗೆಂದಿದ್ದಾರೆ. ಸೈಕಲ್ಲಿನಲ್ಲಿ ಹೋಗಿ
ಮರ ಮರವನ್ನೂ ಮುಟ್ಟಿ ನೋಡಿದೆ. ನಿಜ.'

ಯಂತ್ರಕ್ಕೆ ಕನ್ನಡ ಬಾರದು. ಸುತ್ತೋಲೆಗೆ ಯಂತ್ರ ಹೇಳಿದ್ದೇ ವೇದ.
ಶುಕ್ರವಾರ ನಾಲ್ಕೂವರೆ. ಮೇಡಂ ಬಾಗಿಲಲ್ಲಿ ನಿಂತು
ಎಷ್ಟಾಯ್ತು, ಅಂದರು.
ಕಾಲಂ ಇರುವುದು ಎರಡು ಅಂಕಿಗಾಗುವಷ್ಟು, ಹೆಬ್ಬೆರಳಿನಗಲ.
ಒಂಬತ್ತು ಎಂದು ಬರೆದೆ. ಸುಳ್ಳು ಬರೆಯಲಿಲ್ಲ.
ಜೆರಾಕ್ಸ್ ಲಗತ್ತಿಸಿ, ಅಂಚಿನಲ್ಲಿ ನನ್ನ ಕೈಬರಹದಲ್ಲಿ
'ನೋಡಿ: ಟೀಕಪ್ಪ, ಪುಟ ೮೩' ಎಂದು ಸೇರಿಸಿದೆ.

ಒಳಗೆ ಯಾರಾದರೂ ನೋಡುತ್ತಾರೋ ಇಲ್ಲವೋ.
ಟೀಕಪ್ಪನವರಿಗೆ ಈಗ ಒಂದು.