ಹುಟ್ಟುಗುಣ

ಮೂರನೆಯ ಗೇರ್‌ಬಾಕ್ಸು ಇದು. ಡುಲೂತ್ ಊರಿನ ಏರಿನಲ್ಲಿ
ದೀಪ ಹಸಿರಾದರೂ ಕಾರು ಒಂದು ಗಳಿಗೆ ಯೋಚಿಸುತ್ತದೆ,
ಆಮೇಲೆ ಬೆನ್ನಿಗೆ ಗುದ್ದಿಸಿಕೊಂಡಂತೆ ಮುಂದಕ್ಕೆ.
ಹಿಂದಿನ ಲಾರಿಯವನ ಹಾರನ್ನಿಗೆ
ವರ್ನಾ ಕೈ ಎತ್ತಿ ಕ್ಷಮೆ ಕೇಳುತ್ತಾಳೆ.
ಕೇಳಿದವಳು ಇದುವರೆಗೆ ಅವಳೊಬ್ಬಳೇ.

ಕೌಂಟರಿನ ಹುಡುಗ ಸಭ್ಯ. ಕಾಫಿ ಕೊಡುತ್ತಾನೆ.
"ನಡುಕ ಈ ಮಾದರಿಯ ಗುಣ, ಮೇಡಂ. ದೋಷವಲ್ಲ."
ಗುಣ!
ಹುಟ್ಟುಗುಣ ಸುಟ್ಟರೂ ಹೋಗದು, ಸರಿ,
ಹೆತ್ತವರು ಎಲ್ಲಿ ಅಡಗಿದ್ದಾರೆ?
ಫೋನೆತ್ತಿದರೆ ಪಿಯಾನೋ. ತಮ್ಮ ಕರೆ ನಮಗೆ ಅಮೂಲ್ಯ.
ವಾರಂಟಿ ಅರವತ್ತು ಸಾವಿರ ಮೈಲಿ;
ಮೀಟರಿನಲ್ಲಿ ಅರವತ್ತು ಸಾವಿರದ ನಾನೂರ ಹನ್ನೆರಡು.

ಭಾನುವಾರ ಕೊಳ್ಳಲು ಬಂದವನು ತೌ ವಾಂಗ್.
ಮಗುವಿನ ಕುರ್ಚಿ ಹಿಂದೆ ಹಿಡಿಸುತ್ತದೋ ಎಂದು
ಬಗ್ಗಿ ಗೇಣು ಹಾಕಿ ನೋಡಿದ.
ಎರಡು ಗೇಣು, ಮತ್ತೆ ನಾಲ್ಕು ಬೆರಳು.
"ಏನಾದರೂ ತೊಂದರೆ ಇದೆಯಾ?"

ಕೌಂಟರಿನ ಮಾತು ಅವಳ ನಾಲಿಗೆಯ ತುದಿಗೇ ಬಂತು,
ಮಗ್ಗಿ ಒಪ್ಪಿಸುವಷ್ಟು ಸಲೀಸಾಗಿ.
ನುಂಗಿದಳು. ಕೀಲಿ ಅವನ ಕೈಗಿಟ್ಟಳು.
"ಹತ್ತು. ಆ ದಿಬ್ಬದ ಸಿಗ್ನಲ್ಲಿನವರೆಗೆ ಹೋಗೋಣ.
ಕೆಂಪು ಬೀಳಲಿ."