ನೂರಕ್ಕೆ ನೂರಾ ಅರವತ್ತು

ಸೀಗೆಹಟ್ಟಿ ತಿರುವಿನ ನನ್ನ ಅಂಗಡಿಗೆ
ಮೊದಲ ಸಲ ಬಂದಾಗ ಪಾರುಕಲಾ
ಏನೂ ಕೊಳ್ಳಲಿಲ್ಲ. ಬರೀ ಬೆಲೆ ಕೇಳಿದಳು.
ಉಪ್ಪು? ಸೋಪು? ಅಕ್ಕಿ?
ಅದಲ್ಲ, ಆ ಕೆಳಗಿನ ಚೀಲದ್ದು?
ಒಂದೊಂದು ಬೆಲೆಗೂ ಅವಳ ತುಟಿ ಸುಮ್ಮನೆ ಅಲುಗುತ್ತಿತ್ತು,
ದೇವರ ಹೆಸರೋ ಬೈಗುಳವೋ
ಗೊತ್ತಾಗದ ಹಾಗೆ.

ಅದು ಗುಣಾಕಾರ ಅಂತ ತಿಳಿಯಲು ನನಗೆ
ಯುಗಾದಿಯಿಂದ ಗೌರಿಹಬ್ಬದ ತನಕ ಬೇಕಾಯಿತು.
ಇಲ್ಲಿಯ ನೂರು, ನೇಪಾಳದ ನೂರಾ ಅರವತ್ತು.
ಐವತ್ತರ ಬೇಳೆ ಎಂಬತ್ತಾಗಿ ಅವಳ ಚೀಲಕ್ಕೆ ಬೀಳುತ್ತಿತ್ತು,
ಹತ್ತರ ಕೊತ್ತಂಬರಿ ಹದಿನಾರಾಗಿ.
ತಕ್ಕಡಿ ನನ್ನದು,
ಭಾರ ಮಾತ್ರ ಅಛಾಮಿನದು.

ಗಂಡ ಪದಮ ಗೋಪಿ ಸರ್ಕಲ್ ಹತ್ತಿರದ ಗಾಡಿಯಲ್ಲಿ
ನೂಡಲ್ಸ್ ಹುರಿಯುತ್ತಾನೆ,
ಗಿರಾಕಿಗಳ ಬಾಯಲ್ಲಿ ಅವನು ಚೀನಾದವನು.
ತಿಂಗಳಿಗೆ ಹನ್ನೆರಡು ಸಾವಿರ, ರಾತ್ರಿಯೂಟ ಮಾಲೀಕನದು.
ಆ ಊಟದಲ್ಲಿ ಅರ್ಧ
ಪೇಪರಿನಲ್ಲಿ ಸುತ್ತಿಕೊಂಡು ಮಗಳ ಬಳಿ ಬರುತ್ತದೆ,
ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.
ಕೋಣೆಗೆ ಮೂರೂವರೆ.
ಅಡ್ವಾನ್ಸು ಇಪ್ಪತ್ತಕ್ಕೆ ಮದುವೆಯ ಓಲೆ ಹೋಯಿತು.
ಬಂಗಾರವನ್ನು ಯಾವುದರಿಂದಲೂ
ಗುಣಿಸಬೇಕಿರಲಿಲ್ಲ.
ಸಿಲಿಂಡರಿಗೆ ವಿಳಾಸದ ಕಾಗದ ಕೇಳುತ್ತಾರೆ,
ಕಾಗದವಿಲ್ಲದವರ ಗ್ಯಾಸು ಕಿಲೋ ಲೆಕ್ಕ,
ನಮ್ಮದಕ್ಕಿಂತ ದುಬಾರಿ.
ಅನ್ನ ಅರ್ಧ ಬೆಂದಾಗಲೇ ಉರಿ ಆರಿಸಿ
ಕಂಬಳಿ ಹೊದಿಸುತ್ತಾಳಂತೆ.

ಅತ್ತೆಯ ಬಳಿ ಬಿಟ್ಟು ಬಂದ ಮಗನಿಗೆಂದು
ಕಳಿಸುವ ಎರಡು ಸಾವಿರ ಮಾತ್ರ
ಗಡಿ ದಾಟುತ್ತಲೇ ಮೂರು ಸಾವಿರದ ಇನ್ನೂರು.
ಆ ಒಂದು ಗುಣಾಕಾರಕ್ಕಾಗಿ
ಉಳಿದವನ್ನೆಲ್ಲ ನುಂಗುತ್ತಿದ್ದಳು.

ಒಮ್ಮೆ ಸಾಸಿವೆ ಎಣ್ಣೆ ಕೇಳಿದಳು.
ನಮಗದು ಮಂಡಿನೋವಿನ ಎಣ್ಣೆ, ಅವರಿಗೆ ಒಗ್ಗರಣೆ.
ಗಾಂಧಿ ಬಜಾರಿನಿಂದ ಒಂದು ಬಾಟ್ಲಿ ತರಿಸಿದೆ.
ಇನ್ನೂರ ಹತ್ತು ಅಂದೆ.
ತುಟಿ ಅಲುಗಿ ಅರ್ಧಕ್ಕೇ ನಿಂತಿತು.
ಮುಚ್ಚಳ ತೆಗೆದು ಎರಡು ಸಲ ಮೂಸಿ
ಮೆಲ್ಲಗೆ ಇಟ್ಟಳು.
ಮೂಸಿದ್ದಕ್ಕೆ ದುಡ್ಡಿಲ್ಲ ಮಾರಾಯ್ತಿ, ಅಂದೆ ನನ್ನ ಮುರುಕು ಹಿಂದಿಯಲ್ಲಿ.
ಆಮೇಲೆ ಬಂದಾಗಲೆಲ್ಲ
ಮೊದಲು ಆ ಬಾಟ್ಲಿ,
ಆಮೇಲೆ ಚೀಟಿ.

ಮೊನ್ನೆ ಬಂದವಳು ಕೈ ಸೊಂಟದ ಮೇಲಿಟ್ಟು
ಕನ್ನಡದಲ್ಲೇ ಜಗಳ ತೆಗೆದಳು:
‘ಏನಕ್ಕಾ, ಟೊಮೆಟೊ ಅರವತ್ತಾ?
ಸೋಮವಾರ ನಲವತ್ತಿತ್ತಲ್ಲ!’
ತುಟಿ ನೋಡಿದೆ. ಸುಮ್ಮನಿತ್ತು.
ನಮ್ಮೂರಿನ ಸೋಮವಾರದ ಎದುರಿಗೆ
ನಮ್ಮೂರಿನ ಗುರುವಾರವನ್ನಿಟ್ಟು
ತೂಗುತ್ತಿದ್ದಳು.
ಐದು ರೂಪಾಯಿ ಬಿಟ್ಟೆ. ಖುಷಿಗೋ ಸೋತಿದ್ದಕ್ಕೋ.
ಎಣ್ಣೆಯ ಕಡೆ ತಿರುಗದೆಯೇ ಹೋದಳು.

ಶಟರ್ ಅರ್ಧ ಎಳೆದು, ಗಲ್ಲಾ ಎಣಿಸುವುದು ಬಿಟ್ಟು
ಆ ಬಾಟ್ಲಿ ಇಳಿಸಿದೆ.
ಮುಚ್ಚಳದ ಸುತ್ತ ಅವಳ ಬೆರಳಿನ ಜಿಡ್ಡು.
ಇನ್ನೂರ ಹತ್ತು, ಅಂದುಕೊಂಡೆ,
ತುಟಿ ತಾನಾಗೇ ಅಲುಗಿತು:
ಮುನ್ನೂರ ಮೂವತ್ತಾರು.