ಹದಿನಾರು ಚುಕ್ಕಿಯ ಫರಸಿ

ಪ್ರೋಗ್ರಾಂ ಮೈನು ಬರೀತಾನ, ವಾಡಿ ಜಂಕ್ಷನ್ನಿನ
ರೈಲ್ವೆ ಕ್ವಾರ್ಟರ್ಸಿನಾಗ ಕೂತು. ಚಿತ್ರ ನಂದು,
ಶಹಾಬಾದದೊಳಗ, ಲಗ್ನಪತ್ರ ಮಾಡೋ ಅಂಗಡಿಯ ಹಿಂದಿನ ಕೋಣ್ಯಾಗ,
ಮಾಲಕ ಶಟರ್ ಅರ್ಧ ಎಳದು ಹೋದ ಮ್ಯಾಲ.

ಆಟ ಸಣ್ಣದು.
ಒಂದು ಹುಡುಗಿ, ಒಂದು ಆಡು, ನೀರು ತುಂಬಿದ ಒಂದು ಹಳೇ ಖಣಿ.
ಆಡು ಓಡ್ತದ. ಹುಡುಗಿ ಬೆನ್ನು ಹತ್ತತಾಳ.
ಕಲ್ಲಿನಿಂದ ಕಲ್ಲಿಗಿ ಜಿಗೀಬೇಕು, ಅಷ್ಟೇ.
"ಮೊದಲು ಕಲ್ಲು ಬೇಕು," ಅಂದ ಮೈನು,
"ಹದಿನಾರಕ್ಕ ಹದಿನಾರು ಚುಕ್ಕಿ.
ಯಾವುದ್ರಾಗ ಬರೀತಿ, ನೀನೇ ನೋಡು."

ಯಾವುದ್ರಾಗ?
ಕೋರಲ್ ನನ್ನ ಕೈಗಿ ಗೊತ್ತು. ಎಂಟು ವರ್ಷ
ಅದರಾಗೇ ಗಣಪತಿ ಕೂಡಿಸೀನಿ, ಬಾಸಿಂಗ ಕಟ್ಟೀನಿ,
ಉರ್ದು ಕಾರ್ಡಿನ ಅಂಚಿಗಿ ಬಳ್ಳಿ ಹಬ್ಬಿಸೀನಿ.
ಆದ್ರ ಅದರ ಗೆರಿ ಭಾಳ ನುಣ್ಣಗ.
ಎಷ್ಟು ಹಿಗ್ಗಿಸಿದ್ರೂ ಒಡೆಯೂದಿಲ್ಲ.
ಒಡೆಯದ ಕಲ್ಲು ತಗೊಂಡು
ಖಣಿ ಹ್ಯಾಂಗ ಮಾಡ್ಲಿ?

ಫೋಟೋಶಾಪ್ ಅಂಗಡೀದು, ಹಳೇದು, ಎಲ್ಲಿಂದ ಬಂತು ಕೇಳಬ್ಯಾಡ್ರಿ.
ಪಾಸ್‌ಪೋರ್ಟ್ ಫೋಟೋದ ಮುಖ ಬೆಳ್ಳಗ ಮಾಡಿ ಮಾಡಿ
ಅದರ ಕುಂಚಕ್ಕ ಚಾಳಿ ಬಿದ್ದದ:
ಮುಟ್ಟಿದ್ದೆಲ್ಲ ಮೆತ್ತಗ.
ಮ್ಯಾಲ, ಕದ್ದದ್ದರಾಗ ಮಾಡಿದ್ದು ಮಾರೂದು ಬ್ಯಾಡ ಅಂತ
ಮೈನು ಖಡಕ್ ಹೇಳ್ಯಾನ.

ಗಿಂಪ್ ಇಳಿಸಿದೆ. ಪುಕ್ಕಟೆ. ಒಳಗ ಎಲ್ಲಾ ಅದ,
ಎಲ್ಲಿ ಅದ ಅನ್ನೂದು ತಿಳಿಯೂದಿಲ್ಲ,
ಹೊಸ ಅತ್ತೀಮನಿ ಅಡಗಿಮನ್ಯಾಗ
ಸಾಸಿವಿ ಹುಡುಕಿದಂಗ.

ಚುಕ್ಕಿ ಚಿತ್ರಕ್ಕಂತನೇ ಮಾಡಿದ್ದು ಇನ್ನೊಂದದ. ಚಂದ ಅದ.
ರೊಕ್ಕ ಕೇಳ್ತದ. ರೊಕ್ಕ ಕೂಡಿಸಿಟ್ಟಿದ್ದೆ.
ನನ್ನ ಗ್ರಾಮೀಣ ಬ್ಯಾಂಕಿನ ಕಾರ್ಡ್
ಮೂರು ಸಲ ಒಪ್ಪಲಿಲ್ಲ, ಕೆಂಪಕ್ಷರದಾಗ.

ಕಡೀಗಿ ಕ್ರೀಟಾ.
ಅದರಾಗ ಒಂದು ಕೀ. ಡಬ್ಲ್ಯೂ.
ಒತ್ತಿದೆ.
ನಾ ಬರದ ಒಂದೇ ಕಲ್ಲು
ಎಡಕ್ಕ, ಬಲಕ್ಕ, ಮ್ಯಾಲ, ಕೆಳಗ,
ಪರದೆ ಮುಗಿಯೋ ತನಕ ಹಾಸಿಕೊಂತ ಹೋತು.
ಈ ಅಂಚಿನಾಗ ಹೊರಗ ಹೋದ ಗೆರಿ
ಆ ಅಂಚಿನಾಗ ಒಳಗ ಬರ್ತದ.
ಸಂದು ಎಲ್ಲದ? ಹುಡುಕಿದೆ. ಇಲ್ಲ.
ಬೂದಿ ಬಣ್ಣಕ್ಕ ನೀಲಿ ಒಂದೀಟು, ಹಳದಿ ಒಂದೀಟು,
ಆಗಷ್ಟೇ ಒರೆಸಿದ ನಮ್ಮ ಪಡಸಾಲಿ.
ಅಷ್ಟರಾಗ ಯುಪಿಎಸ್ ಕೂಗಲಿಕ್ಕ ಹತ್ತಿತು.
ಏಳು ನಿಮಿಷದಾಗ ಮೂರು ಸಲ ಸೇವ್ ಮಾಡಿದೆ,
ಕತ್ತಲಾಗ ಕೂತು ಒಬ್ಬಾಕೇ ನಕ್ಕೆ.

ಮುಂಜಾನೆ ಅಂಬಾರಾಯ ಕಾಕಾ ಬಂದ,
ಮೊಮ್ಮಗಳ ತೊಟ್ಟಿಲ ಕಾರ್ಡಿಗಿ.
ಮೂವತ್ತು ವರ್ಷ ಫರಸಿ ಹಾಸಿದ ಮನಶ್ಯಾ.
ಈ ಅಂಗಡೀ ನೆಲಾನೂ ಅವಂದೇ.
ಕನ್ನಡಕ ಹಣಿ ಮ್ಯಾಲ ಏರಿಸಿ ಪರದೆ ನೋಡಿದ, ಭಾಳ ಹೊತ್ತು.
"ಯಾರು ಹಾಸ್ಯಾರ ಇದು?"
"ನಾನೇ, ಕಾಕಾ."
"ಸಂದು ಛಲೋ ಕೂಡ್ಸೀದಿ. ಖರೆ,
ಇಷ್ಟೂ ಒಂದೇ ಕಲ್ಲು."

ಬೆರಳಿಟ್ಟು ತೋರಿಸಿದ: ಮೂಲ್ಯಾಗ ಒಂದು ಕಪ್ಪು ಚುಕ್ಕಿ,
ಇಲ್ಲೂ ಅದ, ಇಲ್ಲೂ ಅದ,
ಪ್ರಾರ್ಥನಾಕ್ಕ ನಿಂತ ಸಾಲಿ ಹುಡುಗೂರಂಗ.
"ಭೂಮ್ಯಾಗಿಂದ ಹಿಂಗ ಬರಂಗಿಲ್ಲ, ತಂಗಿ.
ಒಂದರ ಕಿವಿ ಮುರಿ. ಒಂದಕ್ಕ ಚಾ ಚೆಲ್ಲು.
ಒಂದನ್ನ ಉಲ್ಟಾ ಹಾಸು,
ಹಾಸೂ ಮುಂದ ಮನಸ್ಸು ಬ್ಯಾರೆ ಕಡೆ ಇದ್ದಂಗ."

ಯಾವ ಮೆನುದಾಗೂ ಇದು ಇರಲಿಲ್ಲ.
ಅವನ ಮುಂದೇ ಒಂದು ಕಿವಿ ಮುರದೆ, ನಾಕು ಚುಕ್ಕಿ ಅಳಿಸಿ.
ಚಾದ ಬಣ್ಣ ಲಗೂನ ಸಿಗಲಿಲ್ಲ.
ಅದು ಒಣಗಿದ ಮ್ಯಾಲ ಬ್ಯಾರೆನೇ ಆಗ್ತದ, ಅಂದ.

"ತೂಕ ಎಷ್ಟದ ಒಂದೊಂದು?"
ಹೊಂಟವ ಬಾಗಲದಾಗ ನಿಂತು ಕೇಳಿದ.
"ಸಾವಿರ ಕಲ್ಲು ಕೂಡಿದ್ರೂ
ನಿನ್ನ ಮೊಮ್ಮಗಳ ಫೋಟೋದಷ್ಟು ಆಗೂದಿಲ್ಲ, ಕಾಕಾ."
ಅವ ಎಡಗೈ ನೋಡಿಕೊಂಡ. ಮೂರು ಬೆರಳಿನ ಉಗುರು ಚಪ್ಪಟ್ಟಿ.
ನಕ್ಕನೋ ಏನೋ.
ಪ್ರೂಫ್ ಮಡಚಿ ಕಿಸೆದಾಗ ಇಟ್ಟು ಮೆಟ್ಟಲ ಇಳದ.

ಮೈನುಗ ಮೆಸೇಜ್ ಹಾಕಿದೆ: ಕಲ್ಲು ಒಂದಲ್ಲ, ಒಂಬತ್ತು.
ಆಡು ಇನ್ನೂ ಬರದಿಲ್ಲ.